ರಾತ್ರಿ ಎಲ್ಲಿ ಮಲಗಿದ್ರಿ?

ಬೆಳಗ್ಗೆ ಐದೂವರೆ. ಹೊಳೆಯ ಏರಿಯ ಕೆಳಗಿನ ಓಣಿಯಲ್ಲಿ ಹಾಲಿನವನಿಗಿಂತ ಮೊದಲು ಬಾಗಿಲು ತಟ್ಟುವವಳು ಹಾಸಿಗೆ ಅಕ್ಕ. ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು, ಬಾಯಲ್ಲಿ ಒಂದೇ ಪ್ರಶ್ನೆ.

"ರಾತ್ರಿ ಎಲ್ಲಿ ಮಲಗಿದ್ರಿ?"

ಹೊಸಬರಿಗಾದರೆ ರೇಗಿಹೋಗುವಂಥ ಪ್ರಶ್ನೆ. ಓಣಿಯವರಿಗೆ ಅಭ್ಯಾಸವಾಗಿದೆ. "ಅತ್ತೆ ನಡುಮನೆಗೆ ಬಂದ್ರು ಅಕ್ಕ, ಒಳಗೆ ಸೆಕೆಯಂತೆ," ಎನ್ನುತ್ತಾಳೆ ಒಬ್ಬ ಸೊಸೆ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್, "ನಾನು ಸೋಫಾ ಮೇಲೆ," ಎಂದು ತಲೆ ಕೆರೆದುಕೊಳ್ಳುತ್ತಾನೆ. ಯಾಕೆಂದು ಅಕ್ಕ ಕೇಳುವುದಿಲ್ಲ. ಒಳಗೆ ಪಾತ್ರೆ ಕುಕ್ಕುವ ಸದ್ದೇ ಉತ್ತರ ಹೇಳುತ್ತಿದೆ.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಮಲಗಿದ ಮೇಲೂ ಇರತ್ತೆ, ನನಗಲ್ವಾ ಗೊತ್ತು," ಎಂದು ಮುಂದಿನ ಮನೆಗೆ ನಡೆಯುತ್ತಾಳೆ.

ಹತ್ತಿ ತುಂಬಿ ಹಾಸಿಗೆ ಹೊಲಿಯುವುದು ಅವಳ ಮೂವತ್ತು ವರ್ಷಗಳ ಕಸುಬು. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಒಂಟಿ ಜೀವ. ಅಂಗಡಿಯ ಒಳಗೋಡೆಯಲ್ಲಿ ಶಾಲೆಯವರು ಎಸೆದ ಕಪ್ಪುಹಲಗೆಯೊಂದು ನೇತಾಡುತ್ತದೆ. ಅದರಲ್ಲಿ ನಲವತ್ತೊಂದು ಮನೆಗಳ ಚೌಕ, ಚೌಕದೊಳಗೆ ಕೋಣೆಗಳು, ಒಬ್ಬೊಬ್ಬರ ತಲೆಗೂ ಒಂದೊಂದು ಸೊನ್ನೆ. ಕಿವಿ ಕೇಳದವರ ಸೊನ್ನೆಗೆ ಒಂದು ಗೆರೆ, ನಡೆಯಲಾರದವರದಕ್ಕೆ ಎರಡು. ಮಳೆಗಾಲದ ನಾಲ್ಕು ತಿಂಗಳೂ ಸುತ್ತು ಮುಗಿಸಿ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಬರೆಯುತ್ತಾಳೆ. ಏರಿ ಒಡೆದರೆ ನೀರು ಎದೆಮಟ್ಟ ಬರಲು ಅರ್ಧ ಗಂಟೆ ಸಾಕು. ಕರೆಂಟ್ ಹೋದ ಕತ್ತಲಲ್ಲಿ ದೋಣಿಯಲ್ಲಿ ಬರುವ ರಕ್ಷಣಾ ದಳದವರಿಗೆ ಈ ಹಲಗೆಯೇ ದಾರಿದೀಪ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವಳು ಊರವರ ಹಾಸಿಗೆಗೆಲ್ಲ ಮೂಗು ತೂರಿಸ್ತಾಳೆ," ಎಂದು ಬೇಕರಿಯವನು ಛೇಡಿಸುತ್ತಾನೆ. ಅವನ ಮನೆಯ ನಾಲ್ಕು ಸೊನ್ನೆಗಳೂ ಹಲಗೆಯಲ್ಲಿವೆ.

ಇದೆಲ್ಲ ಶುರುವಾದದ್ದು ಒಂದು ತಪ್ಪಿನಿಂದ. ಒಂಬತ್ತು ವರ್ಷದ ಹಿಂದೆ ಏರಿ ಒಡೆದಾಗ, ನಿವೃತ್ತ ಪೋಸ್ಟ್‌ಮ್ಯಾನ್ ಟಪಾಲಜ್ಜ ಎಲ್ಲಿ ಮಲಗುತ್ತಾರೆಂದು ದಳದವರು ಇವಳನ್ನು ಕೇಳಿದರು. ಹಿಂದಿನ ಕೋಣೆ ಎಂದಳು, ಎದೆ ತಟ್ಟಿ. ಬಾಗಿಲು ಒಡೆದು ನೋಡಿದರೆ ಕೋಣೆ ಖಾಲಿ. ಅಜ್ಜ ಆಗಲೇ ಹೊರಟಿರಬೇಕೆಂದು ದೋಣಿ ಮುಂದೆ ಹೋಯಿತು.

"ಹಾಸಿಗೆ ಹೊಲಿದವಳು ನಾನು, ಆ ಕೋಣೇಲಿ ಹಾಸಿಕೊಟ್ಟವಳೂ ನಾನೇ. ಸೂರು ಸೋರ್ತಿತ್ತು ಅಂತ ಅಡುಗೆಮನೆಗೆ ಎಳ್ಕೊಂಡಿದ್ದಾರೆ, ನನಗೇನ್ ಗೊತ್ತು?" ಹೇಳುವಾಗ ಇಂದಿಗೂ ಅವಳ ದನಿ ಇಳಿಯುತ್ತದೆ. ಒಂದು ಗಂಟೆಯ ನಂತರ ಯಾರಿಗೋ ತಟ್ಟೆ ಬಡಿಯುವ ಸದ್ದು ಕೇಳಿಸಿತು. ಅಡುಗೆ ಕಟ್ಟೆಯ ಮೇಲೆ, ಎದೆಯವರೆಗಿನ ನೀರಿನಲ್ಲಿ ಅಜ್ಜ ನಿಂತಿದ್ದರು.

ಅಜ್ಜ ಬೈಯಲಿಲ್ಲ. "ನಲವತ್ತು ವರ್ಷ ಟಪಾಲು ಹಂಚಿದೀನಿ. ಮನೆ ವಿಳಾಸ ಇದ್ರೆ ಸಾಲದು ಕಣಮ್ಮ, ಮಲಗೋ ವಿಳಾಸ ಬೇಕು," ಎಂದರಂತೆ. ಮರುವಾರವೇ ಹಲಗೆ ಗೋಡೆಗೇರಿತು.

ಹೋದ ವರ್ಷ ಬೆಳಗಿನ ಜಾವ ಮತ್ತೆ ನೀರು ಬಂತು. ಅಕ್ಕ ಹಲಗೆ ಬಿಚ್ಚಿ ದಳದವರ ಕೈಗಿಟ್ಟು ಕೊನೆಯ ಬಾಗಿಲವರೆಗೂ ತಟ್ಟಿದಳು. ಶಾಲೆಯ ಮಹಡಿಯಲ್ಲಿ ತಲೆ ಎಣಿಸಿದರೆ ನೂರಾ ಅರವತ್ತಮೂರು. ಹಲಗೆಯಲ್ಲೂ ಅಷ್ಟೇ. ಎಲ್ಲರೂ ಬಂದರೆಂದು ದೋಣಿ ಕಟ್ಟುತ್ತಿದ್ದಾಗ ಟಪಾಲಜ್ಜ ಕೂಗಿಕೊಂಡರು: "ಹಾಸಿಗೆಯವಳೆಲ್ಲಿ?"

ಹಲಗೆಯಲ್ಲಿ ಅವಳ ಮನೆಯೇ ಇರಲಿಲ್ಲ. ಸೂಜಿ ಡಬ್ಬಿ ತರಲೆಂದು ಅಂಗಡಿಗೆ ಹೋದವಳು ಒಳಗೇ ಸಿಕ್ಕಿಬಿದ್ದಿದ್ದಳು. ನೆನೆದ ಹತ್ತಿಯ ಮೂಟೆ ಉರುಳಿ ಬಾಗಿಲಿಗೆ ಅಡ್ಡ ಬಿದ್ದಿತ್ತು. ದಳದವರು ದೋಣಿ ತಿರುಗಿಸಿ ಹೋಗಿ, ಬಾಗಿಲು ಒಡೆದು ಅವಳನ್ನು ಹೊರತಂದರು. "ನೆನೆದ ಹತ್ತಿ ಬಂಡೆಗಿಂತ ಭಾರ. ಮೇಜಿನ ಮೇಲೆ ಕೂತು ಎಣಿಸ್ತಿದ್ದೆ, ಎಲ್ಲರೂ ಹೋದ್ರಾ ಅಂತ. ನನ್ನನ್ನ ನಾನೇ ಮರೆತುಬಿಟ್ಟಿದ್ದೆ ನೋಡಿ," ಎಂದು ನಗುತ್ತಾಳೆ. ನಗುವ ಮಾತಲ್ಲ ಅದು.

ಈಗ ಸುತ್ತಿನ ಕೊನೆಯ ಮನೆ ಅಜ್ಜನದು. ಅವಳು ಬಾಯಿ ತೆರೆಯುವ ಮೊದಲೇ, "ನನ್ನದು ನಡುಮನೆ. ನೀನೆಲ್ಲಿ ಮಲಗಿದ್ದೆ?" ಎಂದು ಕೇಳುತ್ತಾರೆ.

"ಹಿಂದಿನ ಕೋಣೆ, ಅಜ್ಜ."

"ತಲೆ?"

"ಕಿಟಕಿ ಕಡೆ."

ಕೋಲೂರಿಕೊಂಡು ಅಂಗಡಿಯವರೆಗೆ ಬಂದು, ನಲವತ್ತೆರಡನೆಯ ಚೌಕದಲ್ಲಿ ಅಜ್ಜ ತಾವೇ ಸೊನ್ನೆ ಬರೆಯುತ್ತಾರೆ. ಅದು ದುಂಡಗೆ ಬರುವುದಿಲ್ಲ. ಗೆರೆ ಸೊಟ್ಟಗಾದರೆ ಇಡೀ ಹೊಲಿಗೆ ಬಿಚ್ಚುವ ಅಕ್ಕ ಇದೊಂದನ್ನು ಮಾತ್ರ ತಿದ್ದುವುದಿಲ್ಲ.

ಆಸೆ ಏನಾದರೂ ಇದೆಯೇ ಎಂದರೆ ಸೀಮೆಸುಣ್ಣದ ಕೈ ಕೊಡವಿಕೊಂಡು ಹೇಳುತ್ತಾಳೆ: "ಈ ವರ್ಷ ಹಲಗೆ ಬಿಚ್ಚೋ ಹಾಗಾಗದಿದ್ರೆ ಸಾಕು. ಹಾಗೂ ಬಿಚ್ಚಬೇಕಾಗಿ ಬಂದ್ರೆ, ನೂರಾ ಅರವತ್ತಮೂರಕ್ಕೆ ಯಾರೂ ದೋಣಿ ಕಟ್ಟಬಾರ್ದು. ನಾವು ನೂರಾ ಅರವತ್ನಾಲ್ಕು ಜನ."