ಕುದುರೆಯಮ್ಮ ಬರೆದ ನನ್ನ ಕಣ್ಣೀರು

ಒಂದು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆ. ಗೇಟಿನ ಹೊರಗೆ ಕಾರು ನಿಂತಿತು. ಅಪ್ಪ, ಅಮ್ಮ, ಮೊಣಕಾಲುದ್ದ ಬೂಟು ಹಾಕಿಕೊಂಡ ಒಂದು ಹೆಣ್ಣುಮಗು ಇಳಿದರು. ಮಗು ಗೇಟಿನ ಸರಳುಗಳ ನಡುವೆ ಮೂಗು ತೂರಿಸಿ, ಬೋನಿನ ಕರಡಿಯನ್ನು ನೋಡುವ ಹಾಗೆ ನನ್ನನ್ನು ನೋಡಿತು.

"ಅಮ್ಮಾ, ಅಳೋ ಅಜ್ಜಿ ಇವ್ರೇನಾ?"

"ಹೂಂ ಪುಟ್ಟಾ. ಅಜ್ಜಿಗೆ ಹಾಯ್ ಹೇಳು."

"ಅಳಾಕೆ ನಂಗೇನಾಗೈತೆ? ಅವರೆಕಾಳು ಹಿದುಕ್ತಾ ಇವ್ನಿ, ಈರುಳ್ಳಿ ಅಲ್ಲ," ಎಂದೆ. ಅವರು ಅದನ್ನೂ ತಮಾಷೆ ಎಂದುಕೊಂಡು ನಕ್ಕು, ಫೋಟೊ ತೆಗೆದುಕೊಂಡು ಹೋದರು. ಗಂಡ ಸತ್ತ ದಿನ ಅಳುವ ಕೆಲಸವನ್ನು ನಾದಿನಿಯರಿಗೆ ಬಿಟ್ಟು ಹಸುವಿಗೆ ಹುಲ್ಲು ಹಾಕಲು ಹೋದವಳು ನಾನು. ಈ ವಯಸ್ಸಿನಲ್ಲಿ ನನಗೆ ಬಂದ ಹೆಸರು ನೋಡಿ.

ಈ ಅಳುವ ಅಜ್ಜಿಯನ್ನು ಹುಟ್ಟಿಸಿದವಳು ನನ್ನ ಬಾಡಿಗೆದಾರಳು. ಬೆಂಗಳೂರಿನ ಅಂಚಿನ ಕೋಗಿಲು ಊರಿನಲ್ಲಿ ನಮ್ಮ ಮನೆಯ ಹಿಂದೆ, ನಮ್ಮಪ್ಪ ನನ್ನ ಹೆಸರಿಗೆ ಬರೆದುಕೊಟ್ಟ ಒಂದು ತುಂಡು ನೆಲವಿದೆ. ಮೊದಲು ರಾಗಿ ಬೆಳೆಯುತ್ತಿದ್ದೆವು. ಈಗ ಅದರ ಮೂರು ಕಡೆ ಅಪಾರ್ಟ್‌ಮೆಂಟು. ನಡುವಿನ ಆ ನೆಲವನ್ನು ಅವಳು ಹನ್ನೊಂದು ತಿಂಗಳ ಕರಾರಿನ ಮೇಲೆ ಹಿಡಿದು, ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಾಳೆ. ಊರಿನವರು ಕುದುರೆಯಮ್ಮ ಎನ್ನುತ್ತಾರೆ. ವಯಸ್ಸಿನಲ್ಲಿದ್ದಾಗ ಊರೂರು ತಿರುಗಿ ಸ್ಪರ್ಧೆಗಳಲ್ಲಿ ಕುದುರೆ ಹಾರಿಸಿದವಳು. ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದಾಳೆ, ಒಂದು ಸಲವಲ್ಲ. ಈಗಲೂ ನಡೆಯುವಾಗ ಕಾಲ ನಡುವೆ ಕುದುರೆ ಇದ್ದ ಹಾಗೇ ನಡೆಯುತ್ತಾಳೆ.

ಅವಳ ಇನ್ನೊಂದು ಕೆಲಸ, ಮಕ್ಕಳಿಗೆ ಕುದುರೆ ಕತೆ ಬರೆಯುವುದು. ಮಧ್ಯಾಹ್ನ ಹೊಂಗೆಮರದ ಕೆಳಗೆ ಬಕೆಟ್ಟು ಬೋರಲು ಹಾಕಿ ಕೂತು ಬರೆಯುತ್ತಾಳೆ. ಇಂಗ್ಲಿಷ್ ಪುಸ್ತಕಗಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕನ್ನಡವನ್ನೇ ತಡವರಿಸಿಕೊಂಡು ಓದುವವಳು. ಅವನ್ನು ನನ್ನ ಮೊಮ್ಮಗಳು ಓದಿ ಕನ್ನಡದಲ್ಲಿ ಹೇಳುತ್ತಾಳೆ.

ಎಲ್ಲ ಕತೆಗಳಲ್ಲೂ ಒಂದು ಗಿಡ್ಡ ಕುದುರೆ ಇರುತ್ತದೆ. ಅದಕ್ಕೆ ಪುಸ್ತಕದಲ್ಲಿ ನಕ್ಷತ್ರದ್ದೇನೋ ಹೆಸರು. ಅದು ಅವಳ ಲಾಯದಲ್ಲಿರುವುದೇ, ನಾವೂ ಸವಾರಿಗೆ ಬರುವ ಮಕ್ಕಳೂ ಕರೆಯುವುದು ಗಿಡ್ಡ ಎಂದೇ. ಪುಸ್ತಕದ ಗಿಡ್ಡ ಮಾತಾಡುತ್ತಾನೆ. ಹೆದರಿದ ಮಕ್ಕಳಿಗೆ "ನಿನ್ನ ಮನಸ್ಸು ಹೇಳಿದ್ದನ್ನು ಕೇಳು" ಎಂದು ಬುದ್ಧಿ ಹೇಳುತ್ತಾನೆ. ನಮ್ಮ ಗಿಡ್ಡ ಮಕ್ಕಳ ಹೆಗಲು ಕಚ್ಚುತ್ತಾನೆ. ಪಕ್ಕದ ಜಕ್ಕೂರಿನ ವಿಮಾನ ಕಲಿಸುವ ಶಾಲೆಯ ಪುಟ್ಟ ವಿಮಾನ ತಲೆಯ ಮೇಲೆ ಹೋದರೆ ಬೆನ್ನ ಮೇಲಿದ್ದ ಮಗುವನ್ನು ಅಲ್ಲೇ ಇಳಿಸಿ ಓಡುತ್ತಾನೆ. ಬೆಳಿಗ್ಗೆ ಕುದುರೆಯಮ್ಮ ಅವನಿಗೆ ಬೈಯುವುದು ನಮ್ಮ ಅಡುಗೆಮನೆಗೆ ಕೇಳುತ್ತದೆ. ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಬೈಗುಳಕ್ಕೆ ಯಾವ ಭಾಷೆಯಾದರೇನು? ಬೆಳಿಗ್ಗೆ ಅವನ ಅಪ್ಪ ಅಮ್ಮನನ್ನೆಲ್ಲ ಎತ್ತಿ ಬೈದವಳು ಮಧ್ಯಾಹ್ನ ಅವನ ಬಾಯಲ್ಲಿ ವೇದಾಂತ ಹೇಳಿಸುತ್ತಾಳೆ.

"ಇದ್ರಲ್ಲಿ ಲದ್ದಿ ಎಲ್ಲೈತೆ?" ಎಂದು ಮೊಮ್ಮಗಳನ್ನು ಕೇಳಿದೆ.

"ಇಲ್ಲ ಅಜ್ಜಿ."

"ಇನ್ನೊಂದು ಪುಸ್ತಕದಾಗೆ?"

"ಯಾವುದ್ರಲ್ಲೂ ಇಲ್ಲ. ಬರೀ ಮಳೆಬಿಲ್ಲು ಇದೆ."

ಇಷ್ಟೊಂದು ಪುಸ್ತಕ, ಒಂದು ಬುಟ್ಟಿ ಲದ್ದಿಯಿಲ್ಲ. ಹಿತ್ತಲಿನಲ್ಲಿ ಗುಡ್ಡ ಬಿದ್ದಿರುವುದು ಮತ್ತೆ ಯಾರದ್ದೋ.

ಇನ್ನು ನನ್ನ ಕಣ್ಣೀರಿನ ಕತೆ. ಆ ಬೂಟಿನ ಮಗು ಬರುವುದಕ್ಕೆ ಕೆಲವು ತಿಂಗಳು ಮೊದಲು ನಾನು ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಒಂದು ಸಂಜೆ ಸೊಸೆ ಕಣ್ಣಿಗೆ ಔಷಧಿ ಬಿಟ್ಟು ಒಳಗೆ ಹೋದಳು. ಕನ್ನಡಕ ತೆಗೆದಿಟ್ಟಿದ್ದೆ, ಎರಡು ಕೆನ್ನೆಯ ಮೇಲೂ ಔಷಧಿ ಇಳಿಯುತ್ತಿತ್ತು, ಮಡಿಲಲ್ಲಿ ಬಾಳೆಹಣ್ಣಿತ್ತು. ಗಿಡ್ಡ ಎಲ್ಲಿಂದಲೋ ಹಗ್ಗ ಬಿಚ್ಚಿಕೊಂಡು ಬಂದು ಮಡಿಲಿಗೆ ತಲೆ ಹಾಕಿ, ಸಿಪ್ಪೆ ಸಮೇತ ಬಾಳೆಹಣ್ಣು ತಿಂದ. ಹಿಂದೆ ಓಡಿ ಬಂದ ಕುದುರೆಯಮ್ಮ ನಮ್ಮಿಬ್ಬರನ್ನು ನೋಡಿ ಅಲ್ಲೇ ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಔಷ್ದಿ ಕಣಮ್ಮ ಇದು," ಎಂದೆ.

"ಗೊತ್ತು ಅಜ್ಜಿ. ನಂಗೆ ಗೊತ್ತು," ಎಂದು ನನ್ನ ಕೈ ಅದುಮಿದಳು.

ಅವಳಿಗೆ ಏನು ಗೊತ್ತಿತ್ತೋ ದೇವರೇ ಬಲ್ಲ. ಮಾರನೆಯ ದಿನ ಅವಳ ಕರಾರು ಮುಗಿಯುವುದಿತ್ತು. ಇನ್ನೊಂದು ಹನ್ನೊಂದು ತಿಂಗಳಿಗೆ ಕೊಡುವುದೆಂದು ನಾನು ಅದಕ್ಕೂ ಮೊದಲೇ ತೀರ್ಮಾನಿಸಿದ್ದೆ, ಅಂತೆಯೇ ಸಹಿ ಹಾಕಿದೆ. ಅವಳು ಅದನ್ನೂ ಇದನ್ನೂ ಸೇರಿಸಿ ಪುಸ್ತಕ ಮಾಡಿದಳು. ಅದರಲ್ಲಿ ಒಬ್ಬಳು ಕೆಟ್ಟ ಮುದುಕಿ, ಕುದುರೆಗಳನ್ನು ಓಡಿಸಿ ಕಟ್ಟಡ ಕಟ್ಟಿಸಲು ಹೊರಟವಳು. ಗಿಡ್ಡ ಬಂದು ಅವಳ ಮಡಿಲಲ್ಲಿ ತಲೆಯಿಡುತ್ತಾನೆ. ಮುದುಕಿಯ ಕಲ್ಲೆದೆ ಕರಗಿ, ಅವನ ಕತ್ತು ತಬ್ಬಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಚಿತ್ರವೂ ಇತ್ತು. ಮೂಗುತಿ ನನ್ನದೇ.

ಕೆಟ್ಟ ಮುದುಕಿ ಎಂದದ್ದಕ್ಕೆ ನನಗೇನೂ ಬೇಸರವಾಗಲಿಲ್ಲ, ಅದು ಇರುವುದೇ. ಕರಗಿಸಿದಳಲ್ಲ, ಅದಕ್ಕೆ ಉರಿಯಿತು.

ನನಗಿಂತ ಮೊದಲು ಅದರ ಲಾಭ ಕಂಡವನು ನನ್ನ ಮಗ. ಅವನು ಜಮೀನಿನ ದಲ್ಲಾಳಿ. ಅಕ್ಕಪಕ್ಕದ ಅರ್ಧ ಊರನ್ನು ಅವನೇ ಮಾರಿಸಿದ್ದಾನೆ. ನನ್ನ ತುಂಡಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು, ಆದರೆ ಸಹಿ ನನ್ನದು. ಅವನು ಆ ಪುಸ್ತಕವನ್ನು ಮದುವೆಮನೆಗಳಿಗೆ ಒಯ್ದು ನೆಂಟರಿಗೆಲ್ಲ ತೋರಿಸತೊಡಗಿದ.

"ನೋಡಿ, ಕುದ್ರೆ ಮೂತಿ ನೋಡಿ ಅತ್ಕೊಂಡು ಬಾಡಿಗೆಗೆ ಕೊಟ್ಟವ್ಳೆ. ಅರಳುಮರಳು. ನಾಳೆ ನಾಯಿ ಬಂದು ಬಾಲ ಅಲ್ಲಾಡ್ಸಿದ್ರೆ ಮನೇನೂ ಬರ್ಕೊಡ್ತಾಳೆ."

ಮನೆಗೆ ಬಂದರೆ ನನ್ನ ಹತ್ತಿರ ಬೇರೆ ದನಿ. "ಅವ್ವಾ, ನಿಂಗ್ಯಾಕೆ ಈ ತಲೆನೋವು? ಜಿಪಿಎ ಮಾಡ್ಕೊಟ್ಬಿಡು."

ಜಿಪಿಎ ಎಂದರೆ ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ನನ್ನ ಬದಲು ಇವನು ಸಹಿ ಹಾಕಬಹುದು ಎಂದು ನಾನೇ ಬರೆದುಕೊಡುವುದು. ಒಮ್ಮೆ ಕೊಟ್ಟರೆ, ಆಮೇಲೆ ನಾನೂ ಹಿತ್ತಲಿನ ಒರಳುಕಲ್ಲೂ ಒಂದೇ. ಕೊನೆಗೆ ಜಕ್ಕೂರಿನಲ್ಲಿರುವ ನನ್ನ ಸ್ವಂತ ತಮ್ಮನೂ ಫೋನಿನಲ್ಲಿ, "ಅಕ್ಕಾ, ಹುಡುಗ ಹೇಳೋದ್ರಲ್ಲೂ ಅರ್ಥ ಐತೆ," ಎಂದ. ಆಗ ನನಗೆ ವಿಷಯ ಗಂಭೀರವೆಂದು ತಿಳಿಯಿತು. ಒಂದು ಹನಿ ಔಷಧಿಗೆ ನನ್ನ ನೆಲ ಹೋಗುವುದರಲ್ಲಿತ್ತು.

ಹನ್ನೊಂದು ತಿಂಗಳು ಮತ್ತೆ ಮುಗಿಯಿತು. ಆ ದಿನ ಮಗ ತನ್ನ ಸೋದರಮಾವನನ್ನು, ಅಂದರೆ ನನ್ನ ತಮ್ಮನನ್ನು, ಹಿರಿಯರಾಗಿ ಕೂರಿಸಿಕೊಂಡ. ಜಿಪಿಎ ಬರೆಸಿ ತಂದಿದ್ದ, ಸಹಿಯೊಂದು ಬಾಕಿ. ನಾನು ಹಿತ್ತಲ ಕಟ್ಟೆಯ ಮೇಲೆ ಕೂತೆ. ಕುದುರೆಯಮ್ಮ ಬಂದಳು. ಒಬ್ಬಳೇ ಬರಲಿಲ್ಲ. ಗಿಡ್ಡನಿಗೆ ಸ್ನಾನ ಮಾಡಿಸಿ, ಕತ್ತಿನ ಕೂದಲಿಗೆ ಜಡೆ ಹಾಕಿ, ರಿಬ್ಬನ್ನು ಕಟ್ಟಿ, ಹೆಣ್ಣು ತೋರಿಸುವ ಹಾಗೆ ಹಿಡಿದುಕೊಂಡು ಬಂದಳು. ಪಾಪದವಳು, ತಾನು ಬರೆದ ಕತೆಯನ್ನು ತಾನೇ ನಂಬಿದ್ದಳು.

ಗಿಡ್ಡ ನೇರ ಬಂದು ನನ್ನ ಮಡಿಲಿಗೆ ತಲೆ ಹಾಕಿದ. ಅವನಿಗೆ ಮಡಿಲೆಂದರೆ ಬಾಳೆಹಣ್ಣು.

ಎಲ್ಲರೂ ನನ್ನ ಕಣ್ಣನ್ನೇ ನೋಡುತ್ತಿದ್ದರು. ಒಂದು ಹನಿ ಬಿದ್ದರೆ ಸಾಕೆಂದು ಮಗ, ಒಂದು ಹನಿ ಬೀಳಲಪ್ಪ ಎಂದು ಕುದುರೆಯಮ್ಮ. ಇಬ್ಬರಿಗೂ ಬೇಕಾದದ್ದು ಅದೇ ಹನಿ. ನಾನು ಗಿಡ್ಡನ ಮೂತಿಗೆ ಅಂಗೈ ಕೊಟ್ಟು ತಳ್ಳಿದೆ.

"ಅತ್ಲಾಗ್ ಓಗು. ಸೀರೆಯೆಲ್ಲ ಜೊಲ್ಲು." ಆಮೇಲೆ ಕುದುರೆಯಮ್ಮನ ಕಡೆ ತಿರುಗಿದೆ. "ಬಾಡ್ಗೆ ಜಾಸ್ತಿ ಮಾಡ್ತೀನಿ. ವಾರಕ್ಕೊಂದು ಗಾಡಿ ಲದ್ದಿ ನನ್ನ ತೊಂಡೆ ಚಪ್ಪರಕ್ಕೆ ಬರ್ಬೇಕು. ಗಿಡ್ಡ ನನ್ನ ಕರಿಬೇವು ತಿಂದ್ರೆ ಅದರ ದಂಡ ಬೇರೆ. ಆಗ್ತದಾ?"

"ಅಜ್ಜೀ..." ಅವಳ ಮುಖ ಸಣ್ಣದಾಯಿತು. "ಸ್ವಲ್ಪ ಕಡಿಮೆ ಮಾಡ್ಕೊಳಿ ಅಜ್ಜಿ, ಪ್ಲೀಸ್. ಈ ಜಾಗ ಬಿಟ್ರೆ ಕುದುರೆಗಳನ್ನ ಮಾರ್ಬೇಕಾಗುತ್ತೆ."

"ಮಾರವ್ವ. ಬೇಡ ಅಂದೋರ್ಯಾರು? ಆಗ್ತದಾ, ಇಲ್ವಾ?"

ನನ್ನ ತಮ್ಮ ಕೆಮ್ಮಿದ. ಕುದುರೆಯಮ್ಮ ಗಿಡ್ಡನ ಜಡೆಯನ್ನು ಸ್ವಲ್ಪ ಹೊತ್ತು ತಿರುವಿ, "ಆಗುತ್ತೆ," ಎಂದಳು.

ಮಗ ಎದ್ದು ನಿಂತ. "ಅವ್ವಾ, ಬಿಲ್ಡರು ಎರಡು ಫ್ಲ್ಯಾಟು ಕೊಡ್ತೀನಿ ಅಂತಾವ್ನೆ. ನಿಂಗೇ ಒಂದು!"

"ಎಷ್ಟ್ನೇ ಮಾಳ್ಗೆ?"

"ಎಂಟು. ಒಳ್ಳೆ ಗಾಳಿ."

"ಅಲ್ಲಿಂದ ಎಲೆಅಡ್ಕೆ ಉಗುದ್ರೆ ಯಾರ್ ತಲೆ ಮ್ಯಾಲೆ ಬೀಳ್ತದೋ ಯಾರಿಗ್ಗೊತ್ತು. ನಾ ಇರೋಗಂಟ ನೆಲದ ಮ್ಯಾಲೇ ಉಗೀತೀನಿ. ನಾ ಸತ್ ಮ್ಯಾಲೆ ಎಂಟಾದ್ರೂ ಕಟ್ಕೊ, ಎಂಬತ್ತಾದ್ರೂ ಕಟ್ಕೊ."

"ಮಾವಾ, ನೀನಾದ್ರೂ ಹೇಳು."

ನನ್ನ ತಮ್ಮ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಏನ್ ಹೇಳ್ಳಪ್ಪ? ಈಗ ಬಾಡ್ಗೆ ಏರ್ಸಿದ್ದು ನೋಡಿದ್ಯಲ್ಲ. ಅರಳುಮರಳು ನಿಂಗೇ ಇರ್ಬೇಕು. ಮಡಗು ಆ ಕಾಗ್ದಾನ ಒಳಿಕ್ಕೆ."

ಜಿಪಿಎ ಸಹಿಯಿಲ್ಲದೆ ಬೀರುವಿಗೆ ಹೋಯಿತು. ಮಗ ನನ್ನ ಜೊತೆ ಮಾತು ಬಿಟ್ಟ. ಹಬ್ಬದಡುಗೆಯ ದಿನ ತಾನಾಗಿ ಸರಿಹೋದ.

ಅವತ್ತು ಕುದುರೆಯಮ್ಮ ಹೊರಟಾಗ ಅವಳಿಗೆ ಒಂದು ಮಾತು ಹೇಳಿದ್ದೆ. "ಆ ಪುಸ್ತಕದಾಗಿನ ಅಳು ತೆಗ್ದಾಕು."

"ಪ್ರಿಂಟ್ ಆಗೋಗಿದೆ ಅಜ್ಜಿ. ಮುಂದಿನದ್ರಲ್ಲಿ ನೀವು ಹೇಗಿದ್ದೀರೋ ಹಾಗೇ ಬರೀತೀನಿ. ಪ್ರಾಮಿಸ್."

ಮುಂದಿನದೂ ಬಂತು. ಮೊಮ್ಮಗಳು ಓದಿದಳು. ಮುದುಕಿ ಕಟ್ಟೆಯ ಮೇಲೆ ಕೂತಿದ್ದಾಳೆ. ಗಿಡ್ಡ ಬರುತ್ತಾನೆ. ಮುದುಕಿ ಅವನ ಮೂತಿ ಹಿಡಿದು ತಳ್ಳುತ್ತಾಳೆ. ಪರವಾಗಿಲ್ಲ, ಹೆಂಗಸಿಗೆ ಬುದ್ಧಿ ಬಂತು ಎಂದುಕೊಂಡೆ. ಮೊಮ್ಮಗಳು ಹಾಳೆ ತಿರುವಿ, ನನ್ನ ಮುಖ ನೋಡಿದಳು.

"ಆಮ್ಯಾಕೆ?"

"ಆಮೇಲೆ... ಯಾರಿಗೂ ಕಾಣಬಾರದು ಅಂತ ಮುದುಕಿ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು ಅಂತ ಇದೆ ಅಜ್ಜಿ."

ಆ ಹೆಂಗಸಿಗೆ ಹೇಳಿ ಪ್ರಯೋಜನವಿಲ್ಲ. ಕುದುರೆಯಿಂದ ಎಷ್ಟು ಸಲ ಬಿದ್ದರೂ ಮತ್ತೆ ಹತ್ತುವ ಜಾತಿ ಅದು, ಕತೆಯಲ್ಲೂ ಹಾಗೇ. ಅವಳಿಗೆ ನನ್ನ ಉತ್ತರ ಕರಾರಿನಲ್ಲಿದೆ. ಸಹಿ ಇನ್ನೂ ನನ್ನದೇ.

ಮೊನ್ನೆ ಭಾನುವಾರ ಅದೇ ಬೂಟಿನ ಮಗು ಮತ್ತೆ ಬಂತು. ಈ ಸಲ ಗೇಟು ತೆಗೆದುಕೊಂಡು ಒಳಗೇ ಬಂದು ಕೇಳಿತು.

"ಅಜ್ಜಿ, ಅತ್ತಿದ್ದು ಯಾವ ಗೋಡೆ ಹತ್ರ?"

ನಾನು ಹಿತ್ತಲಿನ ಕಡೆ ಕೈ ತೋರಿಸಿದೆ. "ಅಗೋ, ತೊಂಡೆ ಚಪ್ಪರದ ಪಕ್ಕದಾಗೆ. ಓಗಿ ನೋಡ್ಕೊಂಡ್ ಬಾ."

ಆ ವಾರದ ಲದ್ದಿ ಗಾಡಿ ಆಗಷ್ಟೇ ಬಂದು ಸುರಿದು ಹೋಗಿತ್ತು. ಮಗು ಓಡಿತು. ಬೂಟು ಮುಳುಗಿದ ಸದ್ದು ಜಗಲಿಗೆ ಕೇಳಿಸಿತು, ಆಮೇಲೆ ಅದರ ಅಮ್ಮನ ಕಿರುಚಾಟ. ಇಷ್ಟು ಪುಸ್ತಕಗಳಲ್ಲಿ ಇಲ್ಲದ್ದು ಆ ಮಗುವಿಗೆ ಒಂದೇ ಹೆಜ್ಜೆಗೆ ಸಿಕ್ಕಿತ್ತು. ನಲ್ಲಿ ತಿರುಗಿಸಿ ಬೂಟು ತೊಳೆಸಿದೆ. ಮಗು ಮೂಗು ಮುಚ್ಚಿಕೊಂಡು, ಬಗ್ಗಿ ನೋಡಿ, "ಇದು ಗಿಡ್ಡಂದಾ?" ಎಂದಿತು.

"ಹೂಂ, ಗಿಡ್ಡಂದೇ," ಎಂದೆ. ಆ ಮಗು ಕೇಳಿದ್ದರಲ್ಲಿ ಅದೊಂದು ಒಳ್ಳೆಯ ಪ್ರಶ್ನೆ.