ಒಳಮನೆಯಿಂದ ಬಂದ ‘ಆದ್ರ’

ನಾನು ಚಿಕ್ಕವಳಿದ್ದಾಗ ಬೇಸಿಗೆ ಬಂದದ್ದು ನನಗೆ ಮೊದಲು ತಿಳಿಯುತ್ತಿದ್ದುದು ಮೂಗಿನಿಂದ. ನೆನೆಸಿ ಆರಿಸಿದ ಗೋಧಿಯನ್ನು ಬೀಸುವಾಗ ಹಾನಗಲ್ಲಿನ ನಮ್ಮ ಮನೆಯ ತುಂಬ ಒಂದು ಹಸಿ ಹಸಿ ಪರಿಮಳ ಹರಡುತ್ತಿತ್ತು. ಆ ಪರಿಮಳ ಬಂತೆಂದರೆ ಶ್ಯಾವಿಗೆ ಮಾಡುವ ದಿನ ಹತ್ತಿರವಾಯಿತು, ಹುಬ್ಬಳ್ಳಿಯ ಕಾನ್ವೆಂಟಿನಲ್ಲಿದ್ದು ಓದುವ ಅಕ್ಕ ಶಾಲೆಯ ಸೂಟಿಗೆ ಬರುತ್ತಾಳೆ ಎಂದೇ ಅರ್ಥ.

ಆ ವರ್ಷವೂ ಅಕ್ಕ ಬಂದಳು. ಆದರೆ ಮನೆಯಲ್ಲಿ ಏನೋ ಬಿಗುವಿತ್ತು. ಹಿರೇಕೆರೂರಿನಿಂದ ಅವಳಿಗೆ ಒಂದು ಸಂಬಂಧ ಕೇಳಿಕೊಂಡು ಬಂದಿದ್ದರು. ಹೊಲ ಮನೆ ಇದ್ದ ಒಳ್ಳೆಯ ಜನ. ಅಪ್ಪನ ಮನಸ್ಸು ಅತ್ತ ಒಂದಿಷ್ಟು, ಅಕ್ಕನ ಓದಿನತ್ತ ಒಂದಿಷ್ಟು ಎಳೆದಾಡಿ, ಕಡೆಗೆ ಅವರೇ ಒಂದು ದಾರಿ ಹುಡುಕಿದರು. ಶಿಗ್ಗಾವಿಯಲ್ಲಿ ಅಪ್ಪನ ಗೆಳೆಯರೊಬ್ಬರಿದ್ದರು, ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಸ್ತರರು. ಅವರು ಬಂದು ಅಕ್ಕನನ್ನು ಪರೀಕ್ಷೆ ಮಾಡಬೇಕು.

“ಖರೇನ ಏನರ ಕಲತಿದ್ರ ಮುಂದ ಓದ್ಲಿ,” ಎಂದರು ಅಪ್ಪ. “ಇಲ್ಲಾಂದ್ರ ಸಾಲಿ ಸಾಕು.”

ಮಳೆಗಾಲಕ್ಕೆ ಶಾಲೆ ತೆರೆದಾಗ ನಾನೂ ಅಕ್ಕನ ಹಿಂದೆ ಕಾನ್ವೆಂಟಿಗೆ ಹೋಗುವುದೆಂದು ಮಾತಾಗಿತ್ತು. ಅವಳ ಶಾಲೆಯೇ ನಿಂತರೆ ನನ್ನದು ಶುರುವಾಗುವುದೆಲ್ಲಿ?

ಅಕ್ಕನಿಗೆ ಇಂಗ್ಲಿಷ್ ವಾಕ್ಯಗಳು ಬರುತ್ತಿದ್ದವು. ಅವಳನ್ನು ಕಾಡುತ್ತಿದ್ದುದು ಆ ವಾಕ್ಯಗಳನ್ನು ಜೋಡಿಸುವ ಶಬ್ದಗಳು. ಎರಡು ವಾಕ್ಯ ತಮ್ಮಷ್ಟಕ್ಕೆ ತಾವು ಪೂರ್ತಿಯಾಗಿರುತ್ತವೆ, ನಡುವೆ ಒಂದು ಶಬ್ದ ಬಂದು ಇವೆರಡಕ್ಕೂ ಏನು ನಂಟು ಎಂದು ಹೇಳುತ್ತದೆ. ‘ಹೌಎವರ್’ ಎಂದರೆ ಆದರೂ. ‘ದೇರ್‌ಫೋರ್’ ಎಂದರೆ ಆದ್ದರಿಂದ. ‘ಅದರ್‌ವೈಸ್’ ಎಂದರೆ ಇಲ್ಲದಿದ್ದರೆ. ‘ಮೀನ್‌ವೈಲ್’ ಎಂದರೆ ಅಷ್ಟರಲ್ಲಿ, ಅದೇ ಹೊತ್ತಿಗೆ. ಮೊಮ್ಮಕ್ಕಳೇ, ನಿಮಗೆ ಇದು ನೀರು ಕುಡಿದಷ್ಟು ಸುಲಭ. ಅಕ್ಕ ಮಾತ್ರ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ತುಟಿ ಕಚ್ಚಿಕೊಳ್ಳುತ್ತಿದ್ದಳು.

ಮಾಸ್ತರರು ಬರುವ ದಿನವೇ ಶ್ಯಾವಿಗೆಯ ದಿನವೂ ಆಯಿತು. ಪಡಸಾಲೆಯಲ್ಲಿ ಉದ್ದನೆಯ ಮಣೆಯನ್ನು ಕಟ್ಟೆಗೆ ಓರೆಯಾಗಿ ಆನಿಸಿದ್ದರು. ಅವ್ವ ಮೇಲಿನ ತುದಿಯಲ್ಲಿ ಕುಳಿತು ಎಣ್ಣೆಗೈಯಲ್ಲಿ ಹಿಟ್ಟನ್ನು ಹೊಸೆಯುತ್ತಿದ್ದಳು. ಎಳೆ ಜಾರುತ್ತ ಕೆಳಗಿಳಿದಂತೆ ಅಜ್ಜಿ ಅದನ್ನು ಹಗುರಾಗಿ ಹಿಡಿದು ಎಳೆಯುತ್ತಿದ್ದಳು. ಕೋಲಿಗೆ ಹಾಕಿಕೊಂಡು ಅಂಗಳದ ಬಿಸಿಲಿಗೆ ಒಯ್ಯುವುದು ಅಕ್ಕನ ಮತ್ತು ನನ್ನ ಕೆಲಸ. ಹಸಿ ಶ್ಯಾವಿಗೆ ಬಿಸಿಲಲ್ಲಿ ಅಜ್ಜಿಯ ಕೂದಲಿನ ಹಾಗೆ ಬೆಳ್ಳಗೆ ತೂಗುತ್ತಿತ್ತು.

“ಬಿಸಲು ಛಲೋ ಬಿದ್ದೈತಿ,” ಎಂದಳು ಅವ್ವ, “ಅದಕ್ಕ ಇವತ್ತ ಎಲ್ಲಾ ಮುಗಿಸಿಬಿಡೋಣ್ರಿ, ಅತ್ತಿ.”

“ಅದೂ ಖರೆ,” ಎಂದಳು ಅಜ್ಜಿ. “ಆದ್ರ ಹಿಟ್ಟು ಇನ್ನೊಂಚೂರು ನಾದಬೇಕಿತ್ತ ನೋಡು.”

ಹೊರಗೆ ಎತ್ತಿನ ಮೈ ತೊಳೆಯುತ್ತಿದ್ದ ಅಪ್ಪ ಕೂಗಿದರು: “ಶ್ಯಾವಿಗಿ ಕಡೆ ಲಕ್ಷ್ಯ ಇರ್ಲಿ, ಇಲ್ಲಾಂದ್ರ ಕಾಗಿ ಬರ್ತಾವ!”

ಅಕ್ಕ ಕೋಲು ಹಿಡಿದವಳು ಹಾಗೇ ನಿಂತುಬಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: “ಏ, ಕೇಳಿದೇನ? ಎಲ್ಲಾರೂ ನಮ್ಮ ಮನ್ಯಾಗ ಅದಾರ!”

ನಿಜವಾಗಿಯೂ ಇದ್ದರು. ಅವ್ವನ ಮಾತಿನಲ್ಲಿ ಯಾವಾಗಲೂ ಒಂದು ‘ಅದಕ್ಕ’. ಅವಳು ದೇರ್‌ಫೋರ್. ಅಪ್ಪನ ಯಾವ ಮಾತೂ ‘ಇಲ್ಲಾಂದ್ರ’ ಇಲ್ಲದೆ ಮುಗಿಯುತ್ತಿರಲಿಲ್ಲ. ಅವರು ಅದರ್‌ವೈಸ್. ಯಾರು ಏನೇ ಹೇಳಲಿ, ಮೊದಲು ಒಪ್ಪಿಕೊಂಡು ಆಮೇಲೆ ‘ಆದ್ರ’ ಎನ್ನುವ ಅಜ್ಜಿ ಹೌಎವರ್.

“ಮತ್ತ ನಾ?” ಎಂದೆ.

“ನೀ ಮೀನ್‌ವೈಲ್. ನಾವೆಲ್ಲಾ ಇತ್ತಾಗ ಕೆಲಸ ಮಾಡಾಕತ್ತಿದ್ರ ನೀ ಅತ್ತಾಗ ಬೆಲ್ಲ ತಿನ್ನಾಕತ್ತಿರ್ತಿ.”

ನಾನು ಬಾಯಲ್ಲಿದ್ದ ಬೆಲ್ಲವನ್ನು ಗಬಕ್ಕನೆ ನುಂಗಿದೆ. ಆ ಬೆಳಿಗ್ಗೆಯಿಡೀ ಅಕ್ಕ ಒಬ್ಬೊಬ್ಬರ ಮುಖ ನೋಡುತ್ತ ವಾಕ್ಯಕ್ಕೆ ವಾಕ್ಯ ಜೋಡಿಸಿದಳು. ಒಂದೂ ತಪ್ಪಲಿಲ್ಲ. ಅವಳ ಕೆನ್ನೆಯಲ್ಲಿ ಮತ್ತೆ ಕುಳಿ ಬಿತ್ತು.

ಮಧ್ಯಾಹ್ನ ಮಾಸ್ತರರು ಬಂದರು. ತಲೆಗೆ ಬಿಳಿ ಪಟಗ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸವಣೂರಿನ ವೀಳ್ಯದೆಲೆ. ಪರ ಗಂಡಸರು ಬಂದರೆ ಹೆಂಗಸರು ಪಡಸಾಲೆಯಲ್ಲಿ ಕೂಡುವ ರೂಢಿ ನಮ್ಮಲ್ಲಿರಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅಜ್ಜಿಯೂ ಮೊಣಕಾಲು ಹಿಡಿದುಕೊಂಡು ಎದ್ದು ಒಳಮನೆ ಸೇರಿದಳು. ಮಣೆ ಬರಿದಾಯಿತು. ನಾನು ಕಂಬದ ಹಿಂದೆ ಕೋಲು ಹಿಡಿದು ನಿಂತೆ.

ಅಕ್ಕನ ಶಬ್ದಗಳೆಲ್ಲ ಆ ಮುಖಗಳ ಜೊತೆಗೇ ಒಳಗೆ ಹೋಗಿಬಿಟ್ಟವು ಎಂದು ನನಗೆ ಆಮೇಲೆ ತಿಳಿಯಿತು.

“ಹೆದರಬ್ಯಾಡ ತಂಗಿ,” ಎಂದರು ಮಾಸ್ತರರು. ಮಾವಿನ ಮರ ದೊಡ್ಡದು ಎಂದು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರು. ಅದರ ಹಣ್ಣು ಹುಳಿ ಎಂದು ಇನ್ನೊಂದು ಹೇಳಿದರು. “ಈಗ ಇವೆರಡನ್ನ ಕೂಡಿಸು ನೋಡೂಣು.”

ಅಕ್ಕ ಬರಿದಾದ ಮಣೆಯತ್ತ ನೋಡಿದಳು. ನೆಲ ನೋಡಿದಳು. ಅವಳ ಎಣ್ಣೆಗೈ ಲಂಗದ ಅಂಚನ್ನು ಸುತ್ತುತ್ತಲೇ ಇತ್ತು. ಮಾಸ್ತರರು ಇನ್ನೆರಡು ವಾಕ್ಯ ಕೊಟ್ಟರು. ಅವೂ ಬೇರೆ ಬೇರೆಯಾಗಿಯೇ ಉಳಿದವು. ಅಂಗಳದಲ್ಲಿ ಕಾಗೆಯೊಂದು ಕೂಗಿತು, ಓಡಿಸಲು ಯಾರೂ ಹೋಗಲಿಲ್ಲ.

ಅಪ್ಪ ನಿಟ್ಟುಸಿರು ಬಿಟ್ಟರು. “ಸಾಕ್ರಿ ಮಾಸ್ತರ್ರ. ಹುಡುಗಿ ಸುಮ್ಮನ ಹೋಗಿ ಬಂದಾಳ. ಹಿರೇಕೆರೂರಿನವ್ರಿಗೆ ಹೂಂ ಅಂತ ಹೇಳಿ ಕಳಸ್ತೇನಿ.”

ಆಗ ಒಳಮನೆಯ ಬಾಗಿಲ ಹಿಂದಿನಿಂದ ಒಂದು ಮುದಿ ದನಿ ಬಂತು.

“ಅದೂ ಖರೆ, ತಮ್ಮಾ. ಆದ್ರ…”

“ಹೌಎವರ್!” ಎಂದು ನಾನು ಕಿರುಚಿಬಿಟ್ಟೆ.

ಎಲ್ಲರೂ ಕಂಬದ ಕಡೆ ತಿರುಗಿದರು. ಅಪ್ಪನ ಹುಬ್ಬು ಗಂಟಾಗಿತ್ತು. ಆದರೆ ನಾನು ನೋಡುತ್ತಿದ್ದುದು ಅಕ್ಕನನ್ನು. ಅವಳು ಮೆಲ್ಲಗೆ ತಲೆ ಎತ್ತಿದಳು. ಒಳಬಾಗಿಲತ್ತ ನೋಡಿದಳು. ಬಾಗಿಲ ಸಂದಿಯಲ್ಲಿ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು ಕಾಣುತ್ತಿತ್ತು.

“ಮೈ ಫಾದರ್ ಈಸ್ ಆಂಗ್ರಿ,” ಎಂದಳು ಅಕ್ಕ, ಒಂದೊಂದೇ ಶಬ್ದವನ್ನು ಬಿಡಿಸಿಟ್ಟಂತೆ. “ಹೌಎವರ್, ಮೈ ಗ್ರ್ಯಾಂಡ್‌ಮದರ್ ಈಸ್ ಸ್ಪೀಕಿಂಗ್.”

ಮಾಸ್ತರರ ಎಲೆ ಕಟ್ಟುವ ಕೈ ನಿಂತಿತು. ಅಕ್ಕ ನಿಲ್ಲಲಿಲ್ಲ. ಶ್ಯಾವಿಗೆ ಹಸಿಯಾಗಿದೆ, ಆದ್ದರಿಂದ ಅವ್ವ ಬಿಸಿಲಿಗೆ ಹಾಕಿದ್ದಾಳೆ. ಕಾಗೆಯನ್ನು ಓಡಿಸಬೇಕು, ಇಲ್ಲದಿದ್ದರೆ ಅದು ತಿಂದು ಹಾಕುತ್ತದೆ. ನಾವೆಲ್ಲ ದುಡಿಯುತ್ತಿದ್ದೇವೆ, ಅಷ್ಟರಲ್ಲಿ ನನ್ನ ತಂಗಿ ಬೆಲ್ಲ ತಿನ್ನುತ್ತಿದ್ದಾಳೆ. ಎಲ್ಲವನ್ನೂ ಇಂಗ್ಲಿಷಿನಲ್ಲಿ, ಎಳೆ ತುಂಡಾಗದ ಹಾಗೆ ಹೇಳಿದಳು.

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಹೇಳಿದ್ದನ್ನೆಲ್ಲ ಅಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. “ನಿಮ್ಮ ಮಗಳು ಪಾಸ್ ಆದ್ಲು ನೋಡ್ರಿ. ಇನ್ನ ಸಾಲಿ ಬಿಡಸಬ್ಯಾಡ್ರಿ,” ಎಂದರು.

ಅಪ್ಪ ನನ್ನನ್ನು ಹತ್ತಿರ ಕರೆದು, “ಅಜ್ಜಿ ಹೌಎವರ್ ಅಂತಿ. ನಾ ಏನಲೇ ಹಂಗಾರ?” ಎಂದು ಕೇಳಿದರು.

“ಅದರ್‌ವೈಸ್,” ಎಂದೆ.

“ಅಂದ್ರ?”

“ಇಲ್ಲಾಂದ್ರ,” ಎಂದರು ಮಾಸ್ತರರು, ಮೀಸೆಯೊಳಗೇ ನಗುತ್ತ.

ಒಳಗಿನಿಂದ ಅವ್ವ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಹಿರೇಕೆರೂರಿಗೆ ಆ ವರ್ಷ ‘ಹೂಂ’ ಹೋಗಲಿಲ್ಲ.

ಆ ರಾತ್ರಿ ಮಲಗುವಾಗ ಅಜ್ಜಿಯನ್ನು ಕೇಳಿದೆ, ಆ ‘ಆದ್ರ’ದ ಮುಂದೆ ಏನು ಹೇಳುವವಳಿದ್ದೆ ಎಂದು. “ಏನೂ ಇರ್ಲಿಲ್ಲವ್ವಾ,” ಎಂದಳು. “ಮೊದಲ ಅವನ ಮಾತು ನಿಲ್ಲಸಬೇಕಿತ್ತು. ಮುಂದಿಂದು ಆಮ್ಯಾಲ ಹೊಳೀತಿತ್ತು.”

ಶಾಲೆ ಶುರುವಾಗುವ ಹೊತ್ತಿಗೆ ಅಪ್ಪ ತಾವೇ ಗಾಡಿ ಹೂಡಿ ನಮ್ಮಿಬ್ಬರನ್ನೂ ಹಾವೇರಿಯ ಸ್ಟೇಷನ್ನಿಗೆ ಬಿಟ್ಟರು. ರೈಲು ಬಂದಾಗ ನನ್ನ ತಲೆಯ ಮೇಲೆ ಕೈಯಿಟ್ಟು, “ಛಂದಂಗ ಓದ್ರಿ,” ಎಂದರು. ಅಕ್ಕ ಮತ್ತು ನಾನು ಮುಂದಿನ ‘ಇಲ್ಲಾಂದ್ರ’ಕ್ಕೆ ಕಾದೆವು. ರೈಲು ಹೊರಟಿತು, ಅದು ಬರಲೇ ಇಲ್ಲ.

ಈಗ ನಿಮ್ಮ ಮನೆಗೆ ಶ್ಯಾವಿಗೆ ಅಂಗಡಿಯಿಂದ ಪೊಟ್ಟಣದಲ್ಲಿ ಬರುತ್ತದೆ. ಮುಂದಿನ ಶಬ್ದ ಯಾವುದೆಂದು ನಿಮ್ಮ ಫೋನೇ ಹೇಳಿಕೊಡುತ್ತದೆ. ಯಾರು ಬಂದರೂ ನೀವು ಒಳಗೆ ಓಡಬೇಕಾಗಿಲ್ಲ, ಸೋಫಾದ ಮೇಲೆ ಕಾಲು ಚಾಚಿಕೊಂಡೇ ಇಂಗ್ಲಿಷ್ ಮಾತಾಡುತ್ತೀರಿ. ಅದನ್ನು ನೋಡಲು ನನಗೆ ಸಂತೋಷ. ಆದರೂ ಪರೀಕ್ಷೆಯ ಅಂಕ ಬಂದ ದಿನ ನಿಮ್ಮ ಅಪ್ಪನ ದನಿ ಏರುತ್ತದಲ್ಲ, ಅದು ಅಂದಿನ ಹಾಗೆಯೇ ಇದೆ. ಆಗ ಭಯಪಡಬೇಡಿ. ನನ್ನ ಕೋಣೆಯ ಬಾಗಿಲು ಎಂದೂ ಪೂರ್ತಿ ಮುಚ್ಚಿರುವುದಿಲ್ಲ. ಕಿವಿಗೊಟ್ಟು ಕೇಳಿ, “ಅದೂ ಖರೆ, ತಮ್ಮಾ. ಆದ್ರ…” ಎಂದು ಒಂದು ಮುದಿ ದನಿ ಬರುತ್ತದೆ.

ಮುಂದಿನದು ಆಮೇಲೆ ಹೊಳೆಯುತ್ತದೆ.