ತಾರ ಬಂತು

ಇದು ನಾನು ಕನಸಿನಲ್ಲಿ ಕಂಡದ್ದಲ್ಲ. ಕುಕ್ಕರ್ ಎರಡನೇ ಸೀಟಿ ಹೊಡೆದಿತ್ತು, ನನ್ನ ಕೈಯಲ್ಲಿ ಮೆಂತ್ಯದ ಸೊಪ್ಪಿತ್ತು, ಪಕ್ಕದಲ್ಲಿ ಅತ್ತೆ ಕೂತಿದ್ದರು. ಇಬ್ಬರೂ ಕೇಳಿದ್ದೇವೆ.

ಹಡಪ್ಸರದ ನಮ್ಮ ಫ್ಲ್ಯಾಟಿನ ಪಕ್ಕದಲ್ಲಿ ನಸ್ರಿನ್ ಎಂಬ ಇರಾನಿನ ವಿದ್ಯಾರ್ಥಿನಿ ಬಾಡಿಗೆಗಿದ್ದಳು. ರಜೆಗೆ ಊರಿಗೆ ಹೊರಟಾಗ ತನ್ನ ವಾದ್ಯವನ್ನು ನಮ್ಮಲ್ಲಿ ಬಿಟ್ಟುಹೋದಳು. ಎಂಟರ ಅಂಕಿಯಂತೆ ನಡು ಸಣ್ಣಗಾದ ಮರದ ಒಡಲು, ಅದರ ಮೇಲೆ ಕುರಿಮರಿಯ ತೆಳು ಚರ್ಮ, ಆರು ತಂತಿ. ಚರ್ಮಕ್ಕೆ ಭಾರ ಬೀಳಬಾರದೆಂದು ಆರನ್ನೂ ನನ್ನೆದುರೇ ಸಡಿಲಿಸಿದಳು. ನೆನೆದ ಶಾವಿಗೆಯಂತೆ ಜೋತುಬಿದ್ದವು.

"ಇಸಕಾ ನಾಂವ ಕ್ಯಾ, ಬೇಟಿ?" ಅತ್ತೆ ತಮ್ಮ ಮುರುಕು ಹಿಂದಿಯಲ್ಲಿ ಕೇಳಿದರು.

"ತಾರ್, ದಾದಿ."

ಅತ್ತೆಯ ಮುಖ ಕಪ್ಪಿಟ್ಟಿತು. ಅವರು ವಿಜಯಪುರದ ಕಡೆಯವರು. ಅವರ ಕಾಲದಲ್ಲಿ ತಾರ ಅಂದರೆ ಟೆಲಿಗ್ರಾಂ. ಮನೆಗೆ ತಾರ ಬಂತೆಂದರೆ ಯಾರೋ ಹೋದರು ಎಂದೇ ಅರ್ಥ. ಒಡೆದು ಓದುವ ಮೊದಲೇ ಅಳು ಶುರು.

"ಯಾರರ ಕೇಳಿದ್ರ ಸಿತಾರ್ ಅನ್ನು. ತಾರ ಬಂದದ ಅನಬ್ಯಾಡ," ಎಂದು ಆಮೇಲೆ ನನಗೆ ತಾಕೀತು ಮಾಡಿದರು. ನಾನು ನಕ್ಕೆ. "ಕಾನ್ವೆಂಟ್ ಸಾಲಿ ಕಲ್ತಾಕಿಗೆ ಎಲ್ಲಾ ನಗೀನ!"

ಎರಡು ವಾರ ಕಳೆದಿತ್ತು. ಅಂದು ರಾತ್ರಿ ಎಂಟೂವರೆ. ನನ್ನ ಗಂಡ ಕುರಕುಂಭದ ಫ್ಯಾಕ್ಟರಿಯಿಂದ ಏಳೂವರೆಗೇ ಬರಬೇಕಿತ್ತು. ಫೋನು ಸ್ವಿಚ್ ಆಫ್. ಇಬ್ಬರೂ ಗಡಿಯಾರ ನೋಡುತ್ತಿದ್ದೆವು.

ಟಣ್...

ಒಳಕೋಣೆಯಿಂದ. ಒಂದೇ ಸ್ವರ, ತೆಳ್ಳಗೆ, ಬಿಗಿಯಾಗಿ... ಅದು ನಿಂತ ಮೇಲೂ ಕಟ್ಟೆಯ ಮೇಲಿನ ಸ್ಟೀಲ್ ಲೋಟ ಗುಂಯ್‌ಗುಡುತ್ತಿತ್ತು.

ಟಣ್... ಟಣ್...

"ತಾರ ಬಂತು," ಅತ್ತೆ ಪಿಸುಗುಟ್ಟಿದರು. "ನನ್ನ ಮಗಾ..."

ಒಳಗೆ ಹೋಗಿ ದೀಪ ಹಾಕಿದೆ. ಕಿಟಕಿ ಮುಚ್ಚಿತ್ತು. ವಾದ್ಯ ಕಪಾಟಿನ ಮೇಲೆ, ನಾನು ಹೊದಿಸಿದ್ದ ದುಪಟ್ಟಾದ ಕೆಳಗೇ ಇತ್ತು. ದುಪಟ್ಟಾ ಎತ್ತಿದೆ. ಒದ್ದೆ ಚರ್ಮದ ವಾಸನೆ ಮುಖಕ್ಕೆ ರಾಚಿತು... ಆರೂ ತಂತಿಗಳು ಬಿಗಿಯಾಗಿದ್ದವು. ಒಂದು ಇನ್ನೂ ನಡುಗುತ್ತಿತ್ತು.

ಶಾಲೆಯಲ್ಲಿ ಸಿಸ್ಟರ್ ಕಲಿಸಿದ ಒಂದು ಪ್ರಾರ್ಥನೆಯೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಬೇರೆಯೇ.

"ಈ ತಾರ ನಮ್ಮ ಮನಿದಲ್ಲ. ಯಾರದ ಅದನೋ ಅವ್ರ ಮನಿಗೇ ಹೋಗು!"

ತಂತಿ ತಟ್ಟನೆ ನಿಂತಿತು. ಯಾರೋ ಬೆರಳಿಟ್ಟು ತಡೆದಂತೆ...

ಹತ್ತು ನಿಮಿಷಕ್ಕೆ ಬಾಗಿಲ ಗಂಟೆ. ಇವರೇ! ಕಂಪನಿ ಬಸ್ಸು ಪಂಕ್ಚರ್ ಆಗಿತ್ತಂತೆ, ಫೋನಿನ ಚಾರ್ಜೂ ಮುಗಿದಿತ್ತಂತೆ. ಅತ್ತೆ ಮಗನ ಕೆನ್ನೆ ಸವರಿ ಸವರಿ ಅತ್ತರು.

"ಒಂದ್ ತಾಸು ತಡಾ ಆದ್ರ ಇಷ್ಟ ಮರ್ಯಾದಿ ಸಿಗ್ತದಂದ್ರ ದಿನಾ ತಡಾ ಮಾಡ್ತೀನಿ ತಗೋ, ಅವ್ವಾ."

ತಂತಿಗಳನ್ನು ತೋರಿಸಿದೆ. "ಆ ಹುಡುಗಿ ಸಡಲ ಮಾಡೇ ಇಲ್ಲ. ನೀ ಮರ್ತೀದಿ," ಎಂದರು ಇವರು.

ನಾನು ಮರೆತಿಲ್ಲ.

ಅಂದೇ ನಸ್ರಿನ್‌ಗೆ ಮೆಸೇಜು ಹಾಕಿದೆ, ಹೇಗಿದ್ದೀಯಾ ಎಂದು. ಕಳಿಸಿದ್ದಕ್ಕೆ ಒಂದು ಬೂದು ಟಿಕ್ ಬಿತ್ತು. ತಲುಪಿತೆನ್ನುವ ಎರಡನೆಯದು ಇವತ್ತಿಗೂ ಬಿದ್ದಿಲ್ಲ. ಮೂರು ತಿಂಗಳಾಯಿತು. "ಅಲ್ಲಿ ನೆಟ್ ಬಂದ್ ಇರಬೇಕು ಬಿಡು," ಎನ್ನುತ್ತಾರೆ ಇವರು. ಇರಬಹುದು...

ನಾನು ಆಡಿದ ಮಾತನ್ನು ಇವರಿಗೆ ಹೇಳಿಲ್ಲ. ಆದರೆ ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಈಗ ದಿನಾ ಬೆಳಿಗ್ಗೆ, ಮಗ ಕೆಲಸಕ್ಕೆ ಹೋದ ಮೇಲೆ, ನನ್ನ ಮುಖ ನೋಡದೆ ಮೆಲ್ಲಗೆ ಕೇಳುತ್ತಾರೆ:

"ಆ ಹುಡುಗಿದು ಏನರ ಬಂತೇನ?"